ಮುಯ್ಯಿಗೆ ಹೋದ ಡಬ್ಬಿ

1763426520, ಇನ್ನೂ ಅದೇ, ಪರದೆಯ ಮೇಲೆ ನಿನ್ನೆ ಎಲ್ಲಿತ್ತೋ ಅಲ್ಲೇ ಕೂತಿದೆ ಆ ಸಂಖ್ಯೆ, ಅದರ ಕೆಳಗೆ ಇಷ್ಟು ಹೊತ್ತಿಗೆ ಇನ್ನೊಂದು ಬಂದು ಕೂರಬೇಕಿತ್ತು, ಬಂದಿಲ್ಲ, ಎಸಿಯ ಗಾಳಿ ನೆತ್ತಿಗೆ ಬಡಿಯುತ್ತಿದೆ, ಆಫೀಸಿನ ಕಿಟಕಿಯಾಚೆ ಪವಾಯಿ ಕೆರೆಯ ನೀರು ತಗಡಿನ ಹಾಗೆ ಥಳಥಳಿಸಿ ಕಣ್ಣಿಗೆ ಚುಚ್ಚುತ್ತಿದೆ, ಶೈಲಾ ಪುಟವನ್ನು ಇನ್ನೊಮ್ಮೆ ತೆರೆದು ನೋಡಿದಳು, ಅದೇ ಸಾಲು, ಅದೇ ಸಂಖ್ಯೆ. ಬೇರೆ ಯಾರೇ ನೋಡಿದರೂ ಅದೊಂದು ಉದ್ದನೆಯ ಅಂಕಿ, ಯಾರದೋ ಫೋನ್ ನಂಬರಿನ ಹಾಗೆ, ಅವಳಿಗೆ ಮಾತ್ರ ಅದು ಗಡಿಯಾರ — ಕಂಪ್ಯೂಟರುಗಳು ತಮ್ಮೊಳಗೆ ಹೊತ್ತನ್ನು ಎಣಿಸುವುದೇ ಹಾಗೆ, ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಮೊದಲ ದಿನದಿಂದ ಒಂದೊಂದೇ ಸೆಕೆಂಡು ಕೂಡಿಸುತ್ತ, ವಾರವಿಲ್ಲ ತಿಂಗಳಿಲ್ಲ ಅಮಾವಾಸ್ಯೆ ಹುಣ್ಣಿಮೆಯಿಲ್ಲ, ಬರೀ ಸೆಕೆಂಡು — ಅದನ್ನು ನಮ್ಮ ಗಂಟೆ ನಿಮಿಷಕ್ಕೆ ತಿರುಗಿಸಲು ಅವಳೇ ಒಂದು ಪುಟ್ಟ ಪ್ರೋಗ್ರಾಮ್ ಬರೆದಿಟ್ಟುಕೊಂಡಿದ್ದಾಳೆ, ಆದರೂ ಮನಸ್ಸಿನಲ್ಲೇ ಲೆಕ್ಕ ಹಾಕುವುದು ರೂಢಿಯಾಗಿ ಹೋಗಿದೆ, ನಿನ್ನೆಯ ದಿನ ಯಾವ ಸಂಖ್ಯೆಗೆ ಶುರುವಾಯಿತು ಎಂಬುದು ಗೊತ್ತು, ಅದನ್ನು ಕಳೆದರೆ ಉಳಿಯುವುದು 2520, ಅರವತ್ತರಿಂದ ಭಾಗಿಸಿದರೆ ನಲವತ್ತೆರಡು ನಿಮಿಷ, ಆ ಗಡಿಯಾರದ ನಡುರಾತ್ರಿ ಅಂದರೆ ಮುಂಬಯಿಯಲ್ಲಿ ಬೆಳಗಿನ ಐದೂವರೆ, ಐದೂವರೆಗೆ ನಲವತ್ತೆರಡು ಸೇರಿಸಿದರೆ ಆರು ಹನ್ನೆರಡು. ನಿನ್ನೆ ಬೆಳಿಗ್ಗೆ ಆರು ಹನ್ನೆರಡಕ್ಕೆ ಕುರ್ಲಾದ ಚಾಳಿನಲ್ಲಿ ಅತ್ತಿ, ಅವಳನ್ನು ಸಾಕಿದ ಸೋದರತ್ತೆ, ಎದ್ದಿದ್ದಳು, ಮೈ ತೊಳೆದುಕೊಂಡು, ಹಣೆಗೆ ವಿಭೂತಿ ಎಳೆದು, ಗೋಡೆ ಪಕ್ಕದ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿದ್ದಳು, ಅದು ಎಚ್ಚೆತ್ತು ದೂರದ ಸರ್ವರಿಗೆ ನಾನಿದ್ದೇನೆ ಎಂದು ಹೇಳಿತ್ತು, ಅಷ್ಟೆ, ಆಮೇಲೆ ಮಾತಿಲ್ಲ. ನಿನ್ನೆ ಇಡೀ ದಿನ ಇಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡಳು ನಿನ್ನೆ, ಪಕ್ಕದ ಬಿಲ್ಡಿಂಗು ಒಡೆಯುತ್ತಿದ್ದಾರಲ್ಲ, ವೈರು ಎಲ್ಲೋ ಕಿತ್ತಿರಬೇಕು — ಆದರೆ ಇವತ್ತು, ಇವತ್ತೂ ಇಲ್ಲವಲ್ಲ, ಐದೂವರೆ ಕಳೆದು ಎಷ್ಟು ಹೊತ್ತಾಯಿತು. ಮೊದಲ ಸಲ ಈ ಲೆಕ್ಕ ಕಲಿತಾಗ ಎಷ್ಟು ನಕ್ಕಿದ್ದಳು, ಲೋಕದ ಕಂಪ್ಯೂಟರುಗಳಿಗೆಲ್ಲ ಹೊಸ ದಿನ ಹುಟ್ಟುವ ಗಳಿಗೆಯೂ ಚಾಳಿನ ನಲ್ಲಿಗೆ ನೀರು ಬರುವ ಗಳಿಗೆಯೂ ಒಂದೇ, ಐದೂವರೆ, ಕೊಡಗಳು ಒಂದಕ್ಕೊಂದು ತಾಗುವ ಸದ್ದು, ಏಳ ತಂಗಿ ನೀರ ಬಂದಾವು, ಹೊದಿಕೆಯ ಒಳಗಿಂದ ಇನ್ನೈದು ನಿಮಿಷ ಅತ್ತಿ, ಐದ ನಿಮಿಷಕ್ಕ ನಲ್ಲಿ ನಿನ್ನ ಸಲುವಾಗಿ ಕಾಯೂದಿಲ್ಲ ಏಳು.

ಚಾಯ್ ಕೇ ಲಿಯೇ ಚಲ್ ರಹೀ ಹೈ ಕ್ಯಾ, ಪಕ್ಕದ ಮೇಜಿನ ಮನೀಶ್ ಕೇಳುತ್ತಿದ್ದಾನೆ, ಅವಳು ಅವನ ಕಡೆ ನೋಡದೆಯೇ ತಲೆಯಲ್ಲಾಡಿಸಿದಳು, ನಹೀ, ತೂ ಜಾ. ಅಸಲಿಗೆ ಮೂರು ನಾಲ್ಕು ದಿನದಿಂದಲೇ ಏನೋ ಕೆಟ್ಟಿತ್ತು, ಸಾಲಿನ ಪಕ್ಕದಲ್ಲಿ ಹಸಿರಾಗಿ ಸರಿ ಎಂದು ಬರುವಲ್ಲಿ ಕೆಂಪಾಗಿ ತಪ್ಪು, ತಪ್ಪು, ತಪ್ಪು ಎಂದು ಬರುತ್ತಿತ್ತು, ಆಗಲೇ ಕೇಳಬೇಕಿತ್ತು, ಕೇಳಲಿಲ್ಲ, ಭಾನುವಾರ ಹೋದಾಗ ನೋಡಿದರಾಯಿತು ಎಂದುಕೊಂಡಳು. ಆ ಕಂಪ್ಯೂಟರು ಡಿಪ್ಲೊಮಾ ಓದುವಾಗ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು, ಅತ್ತಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದು ಡಬ್ಬಿ ಎಂದು ಹೆಸರಿಟ್ಟಳು, ಮೇಲಿನ ಟಿವಿಯಂಥ ಪರದೆಗೆ ಅವಳಿಂದ ಮರ್ಯಾದೆ ಸಿಗಲಿಲ್ಲ, ಕೆಳಗಿನ ಪೆಟ್ಟಿಗೆಯೇ ಡಬ್ಬಿ, ಅದೇ ದುಡಿಯುವುದು ಎಂದು ಅವಳಿಗೆ ಹೇಗೋ ಗೊತ್ತಾಗಿತ್ತು. ಕಾಲೇಜಿನಲ್ಲಿ ಯಾರೋ ಹೇಳಿದರು, ಜಗತ್ತಿನ ಮೂಲೆಮೂಲೆಯ ಮಂದಿ ತಮ್ಮ ಮನೆಯ ಕಂಪ್ಯೂಟರು ಖಾಲಿ ಕೂತ ಹೊತ್ತನ್ನು ವಿಜ್ಞಾನಿಗಳಿಗೆ ಬಿಟ್ಟುಕೊಡುತ್ತಾರಂತೆ, ಮಲೇರಿಯಾಕ್ಕೆ ಹೊಸ ಮದ್ದು ಹುಡುಕುವ ಬೆಟ್ಟದಂಥ ಲೆಕ್ಕವನ್ನು ಚೂರು ಚೂರು ಮಾಡಿ ಮನೆಮನೆಗೆ ಹಂಚುತ್ತಾರಂತೆ, ಒಂದೊಂದು ಮನೆಯ ಕಂಪ್ಯೂಟರು ಒಂದೊಂದು ಚೂರು ಬಿಡಿಸಿ ವಾಪಸು ಕಳಿಸುತ್ತದಂತೆ, ಶೈಲಾ ಅವತ್ತೇ ಹೆಸರು ಕೊಟ್ಟಳು, ಅತ್ತಿ ರೊಟ್ಟಿ ತಟ್ಟುತ್ತಲೇ ಕೇಳಿದಳು, ಅದು ಯಾರ ಕೆಲಸ ಮಾಡಾಕತ್ತೈತಿ. ಯಾರದೋ ಅತ್ತಿ, ದೂರದವರದು. ಪಗಾರ ಏನ ಕೊಡ್ತಾರ. ಏನೂ ಇಲ್ಲ, ಪುಕ್ಕಟೆ. ಪುಕ್ಕಟೆ ಯಾಕ. ಎಲ್ಲಾರೂ ಕೂಡಿ ಮಾಡಿದ್ರ ಲಗೂ ಮುಗೀತೈತಿ ಅತ್ತಿ, ನಾಳೆ ಔಷಧ ಸಿಕ್ರ ನಮಗೂ ಬರ್ತೈತಲ್ಲ. ಅತ್ತಿ ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿದಳು, ಆಮೇಲೆ ಅವಳ ಮುಖ ಅರಳಿದ್ದು ಈಗಲೂ ಕಣ್ಣ ಮುಂದೆ ಇದೆ, ಹಂಗನ್ನು ಮತ್ತ, ಮುಯ್ಯಿ ಅನ್ನು, ನಮ್ಮ ಸಿಂದಗಿ ಕಡೆ ಇಲ್ಲೇನು, ನಮ್ಮ ಹೊಲಕ್ಕ ಅವರು ಕಳೆ ತಗಿಯಾಕ ಬರ್ತಾರ, ಅವರ ಹೊಲಕ್ಕ ನಾವು ಹೋಗ್ತೀವಿ, ಕೂಲಿ ಇಲ್ಲ ಪಾಲಿ ಇಲ್ಲ, ನಿನ್ನ ಡಬ್ಬಿ ಮುಯ್ಯಿಗೆ ಹೋಗೈತಿ. ಅವತ್ತಿನಿಂದ ಡಬ್ಬಿಗೆ ರಜೆ ಇಲ್ಲ, ಮುಯ್ಯಿಗೆ ಹೋದಾಕಿ ಹೊತ್ತೇರಿಸಿ ಹೋಗಬಾರದು ತಂಗಿ, ನಾಕ ಮಂದಿ ಬದುವಿನ ಮ್ಯಾಲ ನಿಂತು ಹಾದಿ ನೋಡ್ತಿರ್ತಾರ. ಒಂದೇ ಚೂರನ್ನು ಇಬ್ಬರಿಗೆ ಕೊಡುತ್ತಾರೆ, ಇಬ್ಬರ ಉತ್ತರವೂ ತಾಳೆಯಾದರೆ ಮಾತ್ರ ಸರಿ ಎಂದು ಒಪ್ಪುತ್ತಾರೆ ಎಂದು ಹೇಳಿದಾಗಂತೂ ಅವಳಿಗೆ ಆ ಇನ್ನೊಬ್ಬರ ಚಿಂತೆ ಶುರುವಾಯಿತು, ನಮ್ಮ ಜೋಡಿ ಇವತ್ತ ಯಾರ ಬಂದಾರ, ಪೋಲೆಂಡ್ ಅಂತ ಒಂದು ದೇಶದವರು ಅತ್ತಿ, ಅಲ್ಲಿ ಥಂಡಿ ಭಾಳ ಇರತೈತೇನು, ಭಾಳ, ಪಾಪ, ಅಂಥಾ ಥಂಡ್ಯಾಗೂ ಬಂದಾರ ನೋಡು.

ಫೋನು ಹೋಗುತ್ತಿದೆ, ಆ ಕಡೆ ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ, ಇದೇನು ಹೊಸದಲ್ಲ, ಅತ್ತಿ ಈಗೀಗ ನಾಲ್ಕು ಸಲ ಮಾಡಿದರೆ ಒಮ್ಮೆ ಎತ್ತುತ್ತಾಳೆ, ಎತ್ತಿದರೂ ಅದೇ ಮಾತು, ಹೂಂ ಉಂಡೆ, ನೀ ಉಣ್ಣು, ಆರಾಮ ಅದೀನಿ, ಇಡ್ತೀನಿ. ದೀಪಾವಳಿಗೆ ಅನಿಲನ ಊರಿಗೆ ಹೊಂಟೀವಿ ಅತ್ತಿ, ಅದಕ್ಕೂ ಹೂಂ ಉಂಡೆ. ಸಿಟ್ಟು ಹೋಗಿಲ್ಲ ಅವಳಿಗೆ. ಪವಾಯಿಗೆ ಬಂದು ನಮ್ಮ ಜೋಡಿ ಇರು ಎಂದಿದ್ದಕ್ಕೆ ಅಷ್ಟು ಸಿಟ್ಟೇ, ಮದುವೆಯಾದ ವರ್ಷವೇ ಕರೆದದ್ದು, ಗಂಡ ಅನಿಲ ತನ್ನ ಮುರುಕು ಕನ್ನಡದಲ್ಲಿ ಬರ್ರಿ ಅತ್ತಿ, ರೂಮ್ ಖಾಲಿ ಆಹೇ ಎಂದು ಕೈಮುಗಿದಿದ್ದ, ಅವನಿಗೆ ಎರಡು ರೊಟ್ಟಿ ಜಾಸ್ತಿ ಬಡಿಸಿ ಇವಳಿಗೆ ಹೇಳಿದ್ದು, ನಿಮ್ಮ ಮನ್ಯಾಗ ಬಾಗಲಾ ಹಾಕ್ಕೊಂಡ ಕುಂದ್ರಬೇಕು, ಲಿಫ್ಟಿನ್ಯಾಗ ನಿಂತ್ರ ಒಬ್ಬರ ಮಾರಿ ಒಬ್ಬರು ನೋಡೂದಿಲ್ಲ, ನಾ ಬರೂದಿಲ್ಲವಾ, ನನ್ನ ಡಬ್ಬಿ ಇಲ್ಲೈತಿ. ಡಬ್ಬಿಯನ್ನೂ ಒಯ್ಯೋಣ ಅತ್ತಿ. ಅದಕ್ಕೂ ಇಲ್ಲಿ ರೂಢಿ ಐತಿ. ಬಿಟ್ಟು ಬರುವ ದಿನ ಶೈಲಾ ಹೇಳಿದ್ದಳು, ದಿನಾ ಮುಂಜಾನೆ ಗುಂಡಿ ಒತ್ತು, ನೀ ಒತ್ತಿದ್ದು ನನಗ ಅಲ್ಲಿ ಕಾಣಸ್ತೈತಿ, ಅತ್ತಿ ನಂಬಲಿಲ್ಲ, ಆಮೇಲೆ ನಂಬಿದಳು, ಒಂದು ದಿನವೂ ತಪ್ಪಿಸಲಿಲ್ಲ, ಸಿಟ್ಟಿದ್ದರೂ ಗುಂಡಿ ಒತ್ತುತ್ತಾಳೆ, ಮಾತಿನಲ್ಲಿ ಇಲ್ಲದ್ದು ಆ ಸಂಖ್ಯೆಯಲ್ಲಿ ಇರುತ್ತದೆ, ಆರು ಹತ್ತು, ಆರು ಹನ್ನೆರಡು, ಹಬ್ಬದ ದಿನ ಅರ್ಧ ತಾಸು ಮೊದಲೇ. ದಸರೆಗೆ ಹೋದಾಗ ಮಾತ್ರ ಇವಳ ಬಾಯನ್ನೇ ದಿಟ್ಟಿಸಿ ನೋಡುತ್ತಿದ್ದಳು ಇಡೀ ಹೊತ್ತು, ಏನು ಮಾತಾಡಿದರೂ ತುಟಿಯನ್ನೇ, ಲಿಪ್‌ಸ್ಟಿಕ್ ಜಾಸ್ತಿಯಾಯಿತೇನೋ ಎಂದು ಶೈಲಾ ಕರ್ಚೀಫಿನಿಂದ ಒರೆಸಿಕೊಂಡಿದ್ದಳು, ಅತ್ತಿ ಏನೂ ಅನ್ನಲಿಲ್ಲ, ಅನ್ನದೆ ಇರುವುದೇ ಅವಳ ಸಿಟ್ಟು. ಪಕ್ಕದ ಖೋಲಿಯ ನೀಲಾಬಾಯಿಗೆ ಫೋನು ಮಾಡೋಣವೆಂದರೆ ಅವರು ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ಹೋದವರು ಹಾಗೇ ಮಗಳ ಊರಿನಲ್ಲಿ ಉಳಿದಿದ್ದಾರೆ, ಮೀ ಪುಢಚ್ಯಾ ಆಠವಡ್ಯಾತ ಯೇತೇ ಗ, ಮುಂದಿನ ವಾರ ಬರುತ್ತಾರಂತೆ, ಉಳಿದ ಖೋಲಿಗಳೆಲ್ಲ ಒಂದೊಂದಾಗಿ ಖಾಲಿಯಾಗುತ್ತಿವೆ, ಗುರುತಿನವರು ಯಾರಿದ್ದಾರೆ ಆ ಮಹಡಿಯಲ್ಲಿ, ಯಾರೂ ಇಲ್ಲ, ಅತ್ತಿ ಬಚ್ಚಲಿನ ಕಲ್ಲಿನ ಮೇಲೆ ಜಾರಿ ಬಿದ್ದರೆ ಕೂಗಿದರೂ ಕೇಳುವವರಿಲ್ಲ — ಫೋನು ಮತ್ತೆ ಬಡಿದುಕೊಂಡಿತು, ನಿಂತಿತು. ಅವಳು ಎದ್ದೇಬಿಟ್ಟಳು. ಬ್ಯಾಗು, ಫೋನು, ಮನೀಶ್ ಚಹಾದ ಕಪ್ಪು ಹಿಡಿದು ಎದುರಿಗೇ ಬಂದ, ಕ್ಯಾ ಹುವಾ, ಘರ್ ಜಾ ರಹೀ ಹೂಂ, ತಬಿಯತ್ ಠೀಕ್ ನಹೀಂ ಹೈ ಕ್ಯಾ, ಮೇರೀ ನಹೀಂ — ಯಾರಿಗೆ ಹುಷಾರಿಲ್ಲ ಎಂದು ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ.

ರಿಕ್ಷಾ, ಕಾಂಜೂರ್‌ಮಾರ್ಗ್ ಸ್ಟೇಷನ್, ಮೆಟ್ಟಿಲು, ನಡುಹಗಲಾದ್ದರಿಂದ ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ಕೂರಲು ಜಾಗವಿತ್ತು, ಆದರೂ ಬಾಗಿಲಿನ ಕಂಬ ಹಿಡಿದು ನಿಂತಳು, ನಿಂತರೆ ಗಾಡಿ ಬೇಗ ಹೋದೀತು ಎಂಬಂತೆ, ಒಬ್ಬಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಳೆ, ಇನ್ನೊಬ್ಬಳ ಮಡಿಲಲ್ಲಿ ಕೂಸು ಬಾಯಿ ತೆರೆದು ಮಲಗಿದೆ, ಪುಢೀಲ ಸ್ಟೇಷನ್ ವಿಕ್ರೋಳಿ, ಫೋನಿನಲ್ಲಿ ಆ ಪುಟ ತೆರೆದರೆ ಅದೇ ಸಾಲು, ಕೊನೆಯ ಸಂಪರ್ಕ, 1763426520, ಯಾರೋ ಮನುಷ್ಯರ ಬಗ್ಗೆ ಹೇಳುವ ಹಾಗೆ ಕೊನೆಯ ಸಂಪರ್ಕ, ಬೇರೆ ಶಬ್ದ ಸಿಗಲಿಲ್ಲವೇ ಆ ಪ್ರೋಗ್ರಾಮ್ ಬರೆದವರಿಗೆ. ಒಮ್ಮೆ ಅತ್ತಿ ಕೇಳಿದ್ದಳು, ಆ ನಿನ್ನ ಲೆಕ್ಕದಾಗ ನಾ ಹುಟ್ಟಿದ್ದು ಎಷ್ಟಾಗತೈತಿ, ಯಾವ ವರ್ಷ ಅತ್ತಿ, ಯಾರಿಗೆ ಗೊತ್ತವಾ, ದೊಡ್ಡ ಹಳ್ಳ ಬಂದು ನಮ್ಮ ಎಮ್ಮಿ ಹರದು ಹೋತಲ್ಲ, ಅದರ ಮರುವರ್ಷ, ಎಪ್ಪತ್ತಕ್ಕಿಂತ ಎಷ್ಟೋ ಮೊದಲೇ ಅದು, ಹಾಗಾದರೆ ನಿನ್ನದು ಮೈನಸ್ ಬರುತ್ತದೆ ಎಂದು ಶೈಲಾ ನಕ್ಕಳು, ಅದು ಎಣಸಾಕ ಶುರು ಮಾಡೂದಕ್ಕಿಂತ ಮುಂಚೇನ ನೀ ಬಂದು ಕುಂತಿ, ಅತ್ತಿಗೆ ಅದು ಬಹಳ ಹಿಡಿಸಿತು, ಚಾಳಿನವರಿಗೆಲ್ಲ ಹೇಳಿಕೊಂಡು ಬಂದಳು, ಕಂಪ್ಯೂಟರಿಗಿಂತ ನಾ ದೊಡ್ಡಾಕಿ. ಶೈಲಾ ಹುಟ್ಟಿದ್ದು ಮಾತ್ರ ನೆಟ್ಟಗೆ ಲೆಕ್ಕಕ್ಕೆ ಸಿಗುತ್ತದೆ, ಅವ್ವ ಲಕ್ಷ್ಮವ್ವ ಸತ್ತದ್ದೂ ಸಿಗುತ್ತದೆ, ಆದರೆ ಅಪ್ಪ ಗುರಲಿಂಗಪ್ಪ ನಾಲ್ಕು ವರ್ಷದ ಅವಳನ್ನು ಸೊಲ್ಲಾಪುರದ ಗಾಡಿಯಲ್ಲಿ ಕರೆತಂದು, ಹತ್ತ ದಿನ ಇಟ್ಕೋ ಅಕ್ಕಾ, ಬರ್ತೀನಿ, ಎಂದು ಅಕ್ಕನ ಹೊಸ್ತಿಲ ಮೇಲೆ ಇಳಿಸಿ ಹೋದದ್ದು ಯಾವ ದಿನವೋ ಯಾರೂ ಬರೆದಿಟ್ಟಿಲ್ಲ, ಅಪ್ಪ ಬಂದ, ಹೋದ, ಮತ್ತೊಂದು ಸಂಸಾರ ಮಾಡಿದ, ಅಲ್ಲೇ ಕಣ್ಣು ಮುಚ್ಚಿದ, ಆ ಹತ್ತು ದಿನ ಮಾತ್ರ ಇನ್ನೂ ಮುಗಿದಿಲ್ಲ. ಅತ್ತಿ ಆಗ ಪತ್ರಾ ಪ್ರೆಸ್ಸಿನ ಕಾರ್ಖಾನೆಗೆ ಹೋಗುತ್ತಿದ್ದಳು, ತಗಡಿನ ಹಾಳೆ ಇಟ್ಟರೆ ಮೇಲಿಂದ ಧಡ್ ಎಂದು ಬಿದ್ದು ಮುಚ್ಚಳ ಕತ್ತರಿಸುವ ಯಂತ್ರ, ಧಡ್, ಧಡ್, ಶಾಲೆ ಬಿಟ್ಟ ಮೇಲೆ ಅದರ ಗೇಟಿನ ಹತ್ತಿರ ನಿಂತರೆ ಕಾಲ ಕೆಳಗಿನ ನೆಲ ಅದುರುತ್ತಿತ್ತು, ಅತ್ತಿ ಅದರ ಎದುರಿಗೇ ಇಡೀ ದಿನ, ಕಿವಿಗೆ ಅರಳೆ ಕೂಡ ಇಲ್ಲ, ಸಂಜೆ ಹೊರಗೆ ಬಂದವಳು ಪಾವ್ ಕೊಡಿಸುತ್ತಿದ್ದಳು, ಮಾಸ್ತರ ಏನ ಕಲಸಿದ್ರು, ಜೋರ ಹೇಳು — ಜೋರ ಹೇಳು, ಜೋರ ಹೇಳು ಎಂದು ಯಾವಾಗಲೂ ಅನ್ನುತ್ತಿದ್ದಳಲ್ಲ, ಅದು ಗದ್ದಲದ ಕುರ್ಲಾ, ಎಲ್ಲರೂ ಜೋರಾಗಿಯೇ ಮಾತಾಡುವುದು. ಘಾಟ್‌ಕೋಪರ್ ಬಂತು, ಮಂದಿ ನುಗ್ಗಿದರು, ಯಾರದೋ ಹೂವಿನ ವಾಸನೆ, ಯಾರದೋ ಟಿಫಿನ್ನಿನ ಮೂಲೆ ಪಕ್ಕೆಗೆ ಚುಚ್ಚಿತು, ಬಿದ್ದಿರಲಾರಳು, ಬಿದ್ದಿರಲಾರಳು, ಬಿದ್ದಿದ್ದರೂ ಇವತ್ತು ಬೆಳಿಗ್ಗೆ ಬಿದ್ದಿರಬಹುದು ನಿನ್ನೆಯಲ್ಲ, ದೇವರೇ ನಿನ್ನೆಯಾಗಿರದಿರಲಿ, ನಿನ್ನೆ ಇಡೀ ದಿನ ನಾನು ಕರೆಂಟು ಹೋಗಿದೆ ಎಂದುಕೊಂಡು ಅನಿಲನ ಜೊತೆ ಪರದೆಯ ಬಟ್ಟೆ ಯಾವ ಬಣ್ಣದ್ದಿರಲಿ ಎಂದು ವಾದ ಮಾಡುತ್ತಿದ್ದೆ.

ಕುರ್ಲಾದಲ್ಲಿ ಇಳಿದು ಓಡಿದಳೋ ನಡೆದಳೋ ಗೊತ್ತಿಲ್ಲ, ಸೇತುವೆ, ಬಾಳೆಹಣ್ಣಿನ ಗಾಡಿಗಳು, ಬೋಲೋ ತಾಯಿ ಬೋಲೋ, ತಾಯಿ ಬಾಜೂ ಹೋ, ಚಾಳಿನ ಗಲ್ಲಿ ಬಂದಾಗ ಗಂಟಲಿಗೆ ಧೂಳು ಬಡಿಯಿತು, ಪಕ್ಕದ ಬಿಲ್ಡಿಂಗಿನ ಅರ್ಧ ಗೋಡೆ ನಿಂತಿದೆ ಅರ್ಧ ಬಿದ್ದಿದೆ, ಒಡೆಯುವ ಯಂತ್ರ ಕೊರೆಯುತ್ತಿದೆ, ಎಲೆ ಕಟ್ಟೆ ಕಟಾಂಜನ ಎಲ್ಲದರ ಮೇಲೆ ಬೂದು ಪುಡಿ, ಕಟ್ಟಿಗೆಯ ಮೆಟ್ಟಿಲು ಎರಡೆರಡಾಗಿ ಹತ್ತಿದಳು, ಉದ್ದನೆಯ ಗ್ಯಾಲರಿ, ನೀಲಾಬಾಯಿಯ ಬೀಗ, ಆಮೇಲೆ ಅತ್ತಿಯ ಬಾಗಿಲು, ತೆರೆದೇ ಇದೆ. ತೆರೆದ ಬಾಗಿಲಿನಾಚೆ ಅತ್ತಿ ಇದ್ದಾಳೆ. ನೆಲದ ಮೇಲೆ ಕಾಲು ಚಾಚಿ, ಬೆನ್ನು ಈ ಕಡೆಗೆ, ಹಸಿರು ಇಳಕಲ್ ಸೀರೆ, ಬಿಳಿ ತುರುಬು, ಬಲಗೈ ಚಾಚಿ ಗೋಡೆ ಪಕ್ಕದ ಯಾವುದೋ ಬಣ್ಣಬಣ್ಣದ ಗಂಟಿನ ಮೇಲೆ ಅಂಗೈ ಊರಿಕೊಂಡು, ಅಲ್ಲಾಡದೆ. ಅತ್ತಿ. ತಿರುಗಲಿಲ್ಲ. ಅತ್ತೀ. ಉಸಿರಾಡುತ್ತಿದ್ದಾಳೆ, ಬೆನ್ನು ಏಳುತ್ತಿದೆ ಇಳಿಯುತ್ತಿದೆ, ತಿರುಗುತ್ತಿಲ್ಲ, ಶೈಲಾ ಹೊಸ್ತಿಲಲ್ಲೇ ನಿಂತಳು, ಮೂರನೆಯ ಸಲ ಕೂಗಿದ್ದು ಕೆಳಗಿನ ಅಂಗಡಿಯವನು ತಲೆಯೆತ್ತಿ ನೋಡುವಷ್ಟು ಜೋರಾಗಿತ್ತು, ಅತ್ತಿಯ ಕುತ್ತಿಗೆ ಕೂಡ ಕದಲಲಿಲ್ಲ, ಅಂಗೈ ಹಾಗೇ ಇತ್ತು, ಬೆರಳು ಅಗಲಿಸಿ, ಏನನ್ನೋ ಆಲಿಸುವ ಹಾಗೆ — ಆಗ ಎಲ್ಲವೂ ಒಂದರ ಮೇಲೊಂದು ಬಂದು ಬಿತ್ತು, ಹೂಂ ಉಂಡೆ, ಜೋರ ಹೇಳು, ದಸರೆಯಲ್ಲಿ ತುಟಿಯನ್ನೇ ದಿಟ್ಟಿಸಿದ ಕಣ್ಣು, ಎತ್ತದ ಫೋನು, ದೀಪಾವಳಿಗೆ ಹೊಂಟೀವಿ ಎಂದರೆ ಹೂಂ ಉಂಡೆ, ಸಿಟ್ಟಲ್ಲ, ಸಿಟ್ಟೇ ಅಲ್ಲ, ಆಕೆಗೆ ಕೇಳಿಸುತ್ತಿಲ್ಲ, ಎಷ್ಟು ತಿಂಗಳಿಂದಲೋ ಕೇಳಿಸುತ್ತಿಲ್ಲ, ಫೋನಿನಲ್ಲಿ ನಾನು ಏನು ಕೇಳಿಯೇನು ಎಂದು ಊಹಿಸಿಕೊಂಡು ಅದಕ್ಕೊಂದು ಉತ್ತರ ಗಟ್ಟಿ ಮಾಡಿಟ್ಟುಕೊಂಡಿದ್ದಾಳೆ. ಬಾಗಿಲಿನ ಬೆಳಕಿಗೆ ಅವಳ ನೆರಳು ಗೋಡೆಯ ಮೇಲೆ ಬಿತ್ತು, ಅದನ್ನು ಕಂಡು ಅತ್ತಿ ತಿರುಗಿದಳು. ಯವ್ವಾ, ಶೈಲಾ, ಯಾವಾಗ ಬಂದಿ, ಕರೀಬಾರದೇನ.

ಕರೆದೆ ಎಂದು ಹೇಳಲಿಲ್ಲ. ಪಕ್ಕದಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದಳು, ಕಿವಿ ಯಾವಾಗಿಂದ ಅತ್ತಿ. ಅತ್ತಿ ಮೊದಲು ಸೆರಗು ಸರಿಮಾಡಿಕೊಂಡಳು, ಕಿವಿಗೇನಾಗೈತಿ, ಚಲೋ ಅದಾವು, ಆಮೇಲೆ ಅವಳ ಮುಖ ನೋಡಿ ಆ ಮಾತು ಅಲ್ಲೇ ಬಿಟ್ಟಳು. ಮಳಿಗಾಲದಾಗ ಶುರುವಾತು, ಎದುರಿಗೆ ಇದ್ದಾವರದು ತಿಳೀತೈತಿ, ಫೋನಿನ್ಯಾಗ ಬರೇ ಗುಂಯ್ ಅಂತೈತಿ, ನಿನಗ ಹೇಳಿದ್ರ ನೀ ಕೆಲಸ ಬಿಟ್ಟು ಓಡಿ ಬರ್ತಿ, ಇಲ್ಲಂದ್ರ ನನ್ನ ಎತ್ತಿಕೊಂಡು ಆ ಲಿಫ್ಟಿನ ಮನಿಗೆ ಒಯ್ತಿ. ಅದಕ್ಕ ಹೂಂ ಉಂಡೆ ಅಂತಿದ್ದೇನು. ಮತ್ತ, ನೀ ದಿನಾ ಅದನ್ನ ಕೇಳ್ತಿದ್ದೆಲ್ಲ, ಉಂಡಿ ಏನ ಅತ್ತಿ ಅಂತ, ಬ್ಯಾರೆ ಏನ ಕೇಳ್ತಿದ್ದಿ. ಶೈಲಾಗೆ ನಗುವೂ ಬಂತು, ಕಣ್ಣೂ ತುಂಬಿತು, ಹೌದು, ಹೆಚ್ಚುಕಡಿಮೆ ಅದನ್ನೇ ಕೇಳುತ್ತಿದ್ದದ್ದು. ಅತ್ತಿಗೆ ತನ್ನ ಕಿವಿಗಿಂತ ದೊಡ್ಡ ಚಿಂತೆ ಬೇರೆಯಿತ್ತು, ನೀ ಬಂದಿದ್ದು ಚಲೋ ಆತು ತಂಗಿ, ಡಬ್ಬಿಗೆ ಆರಾಮಿಲ್ಲ. ಆಗಲೇ ಅವಳಿಗೆ ಅರ್ಥವಾದದ್ದು ಆ ಬಣ್ಣದ ಗಂಟು ಏನೆಂದು, ಅದು ಡಬ್ಬಿ, ಅದರ ಮೈಮೇಲೆ ಕೌದಿ ಹೊದಿಸಿದೆ, ತಲೆಯಿಂದ ಬುಡದವರೆಗೆ, ತೊಟ್ಟಿಲ ಕೂಸಿಗೆ ಹೊಲಿಯುವಂಥ ಪುಟ್ಟ ಕೌದಿ, ಒತ್ತೊತ್ತಾಗಿ ಹಾಕಿದ ದಾರದ ಸಾಲು. ದಿನಾ ಗುಂಡಿ ಒತ್ತಿ ಮ್ಯಾಲ ಕೈ ಇಟ್ಟು ನೋಡ್ತೀನಿ ಶೈಲಾ, ಸಣ್ಣಗ ಗುಂಯ್ ಅನ್ನೂದು ಕೈಗೆ ತಿಳೀತೈತಿ, ನಡದೈತಿ ಅಂದ್ರ ನೀ ಅಲ್ಲಿ ನೋಡಾಕತ್ತಿ ಅಂತ ನನಗ ಇಲ್ಲಿ ಸಮಾಧಾನ, ಹ್ವಾದ ವಾರ ಕೈ ಇಟ್ರ ಗಡಗಡ ನಡಗಾಕತ್ತಿತ್ತು, ಥಂಡಿ ಹತ್ತೇತಿ ಅಂತ ತಿಳಕೊಂಡೆ, ಕಾರ್ತಿಕ ಮಾಸ, ಮುಂಜಾನೆ ನೆಲ ತಣ್ಣಗಿರತೈತಿ, ಹಳೀ ಅರಿವಿ ಕೂಡಿಸಿ ಹೊಲದು ಹೊಚ್ಚಿದೆ. ಹೊಚ್ಚಿದ ಮೇಲೆ ಏನಾತು. ಮೈ ಕಾದು ಕೆಂಡ, ಜ್ವರಾ ಬಂದಂಗ, ನಿನ್ನಿಯಿಂದ ಗುಂಡಿ ಒತ್ತಿದ್ರ ಏಳತೈತಿ, ಒಂದ ಗಳಿಗಿಗೆ ಮತ್ತ ಮಲಗತೈತಿ. ಶೈಲಾ ಕೌದಿ ತೆಗೆದು ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದಳು, ಒಳಗಿನ ಫ್ಯಾನಿನ ರೆಕ್ಕೆಗಳಿಗೆಲ್ಲ ಪಕ್ಕದ ಬಿಲ್ಡಿಂಗಿನ ಧೂಳು ಹೆಪ್ಪುಗಟ್ಟಿ ಕೂತಿದೆ, ನಡುಗಿದ್ದು ಅದಕ್ಕೆ, ಕಾದದ್ದು ಕೌದಿಯಿಂದ, ತಪ್ಪು ತಪ್ಪು ಎಂದು ಕೆಂಪಾಗಿ ಬಂದದ್ದು ಆ ಕಾವಿನಿಂದ. ತಪ್ಪು ಲೆಕ್ಕ ಕಳಸೇತೇನು, ಅತ್ತಿಯ ದನಿ ಸಣ್ಣಗಾಯಿತು, ಅವರ ಮುಂದ ನಮ್ಮ ಮರ್ಯಾದೆ ಹೋತಲ್ಲ, ಆ ಥಂಡಿ ದೇಶದಾವರು ಏನ ಅನಕೊಂಡಿರಬೇಕು. ಏನೂ ಅನಕೊಂಡಿಲ್ಲ ಅತ್ತಿ, ನಮ್ಮ ಕೆಲಸಾ ಮತ್ತೊಬ್ಬರಿಗೆ ಕೊಟ್ಟಾರ, ಯಾರೋ ಮಾಡ್ಯಾರ. ಹಂಗಾರ ಅವರ ಮುಯ್ಯಿ ನಮ್ಮ ಮ್ಯಾಲ ಉಳೀತು.

ಕೌದಿ ಅವಳ ಮಡಿಲಲ್ಲಿತ್ತು, ಮುನ್ಸಿಪಲ್ ಶಾಲೆಯ ಯೂನಿಫಾರ್ಮಿನ ನೀಲಿ ಇದು, ಈ ಹಳದಿ ಹೂವಿನದು ಏಳನೆಯ ವರ್ಷದ ಫ್ರಾಕು, ಈ ಕೆಂಪು ಅತ್ತಿಯ ಸೀರೆಯ ಸೆರಗು, ನಡುವೆ ಈ ಚೌಕಳಿ, ಇದು ಅನಿಲನ ಶರ್ಟಲ್ಲವೇ, ಕಳೆದ ಬೇಸಿಗೆಯಲ್ಲಿ ಇಲ್ಲೇ ಬಿಟ್ಟು ಮನೆಯೆಲ್ಲ ಹುಡುಕಿದ್ದು, ಅಳಿಯನದೂ ಒಂದ ತುಂಡು ಇರ್ಲಿ ಅಂತ ಹಾಕಿದೆ, ಎಂದಳು ಅತ್ತಿ, ಕಣ್ಣು ಬೇರೆ ಕಡೆ ಹೊರಳಿಸಿ. ಒಂದು ಬ್ರಶ್ಶು ಸಿಕ್ಕಿದರೆ ಆ ಧೂಳು ಇಲ್ಲೇ ಜಾಡಿಸಬಹುದಿತ್ತು, ಅದು ಶೈಲಾಗೆ ಗೊತ್ತು, ಆದರೂ ತುಟಿ ಚೆನ್ನಾಗಿ ಕಾಣುವ ಹಾಗೆ ಹೇಳಿದಳು, ಇದು ಇಲ್ಲಿ ಆಗೂದಿಲ್ಲ ಅತ್ತಿ, ಪವಾಯಿಗೆ ಒಯ್ಬೇಕು, ಕೆಲಸ ಭಾಳ ಐತಿ, ನಿನ್ನ ಬಿಟ್ಟು ಅದು ಇರೂದಿಲ್ಲ. ಅತ್ತಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು, ಕಿವಿ ಹೋದ್ರೂ ನೀ ಸುಳ್ಳ ಹೇಳೂದು ನನಗ ಕೇಳಸ್ತೈತಿ ತಂಗಿ. ಹೊರಗೆ ಯಂತ್ರ ಗೋಡೆ ಕೊರೆಯುತ್ತಿತ್ತು, ಕಿಟಕಿಯ ಗಾಜು ಸಣ್ಣಗೆ ಅದುರುತ್ತಿತ್ತು, ಅತ್ತಿಗೆ ಅದು ಕೇಳಿಸುತ್ತಿಲ್ಲ, ಆದರೆ ಕಿಟಕಿಯನ್ನು ನೋಡಿದಳು, ನೀಲಾಬಾಯಿಯ ಬೀಗ ಇರುವ ದಿಕ್ಕಿಗೆ ನೋಡಿದಳು, ಆಮೇಲೆ ಎದ್ದು ಒಲೆಯ ಗ್ಯಾಸು ಬಂದ್ ಮಾಡಿ ಎರಡು ಸೀರೆ ಚೀಲಕ್ಕೆ ಹಾಕಿದಳು, ಮೂರನೆಯದನ್ನು ಕೈಯಲ್ಲಿ ಹಿಡಿದು ಯೋಚಿಸಿದಳು, ಅದನ್ನೂ ಹಾಕಿದಳು, ಡಬ್ಬಿ ಆರಾಮ ಆಗೂತನಕ ಅಷ್ಟ. ಅಷ್ಟ ಅತ್ತಿ. ನೀಲಾಬಾಯಿ ಬರೂತನಕ. ಹೂಂ. ಮತ್ತ ಕಿವಿ ಡಾಕ್ಟರ ಅಂತ ಶುರು ಮಾಡಬ್ಯಾಡ. ಶೈಲಾ ಬೇಕೆಂದೇ ಬೇರೆ ಕಡೆ ತಿರುಗಿ, ತುಟಿ ಕಾಣಿಸದ ಹಾಗೆ, ಶನಿವಾರ ಎಂದಳು, ಬೆನ್ನ ಹಿಂದಿನಿಂದ ಅತ್ತಿ, ಏನಂದಿ, ಏನಿಲ್ಲ, ಏನೋ ಅಂದಿ.

ರಿಕ್ಷಾದವನು ಮೊದಲು ಒಲ್ಲೆನೆಂದ, ಪೆಟ್ಟಿಗೆ ನೋಡಿ, ಆಮೇಲೆ ಅತ್ತಿಯನ್ನು ನೋಡಿ ಹತ್ತಿಸಿಕೊಂಡ, ಈಗ ಸಾಕಿನಾಕಾ ಕಡೆಯ ರಸ್ತೆಯಲ್ಲಿ ಬಸ್ಸುಗಳ ನಡುವೆ ನಿಂತಿದ್ದಾರೆ, ಮೆಟ್ರೋದ ಕಂಬಗಳು, ಹಾರನ್ನು, ಮಧ್ಯಾಹ್ನದ ಬಿಸಿಲು ಅತ್ತಿಯ ಮೂಗುತಿಯ ಮೇಲೆ, ಡಬ್ಬಿ ಇಬ್ಬರ ನಡುವೆ ಸೀಟಿನ ಮೇಲೆ, ಅದರ ಮೈಮೇಲೆ ಮತ್ತೆ ಕೌದಿ, ಹಾದಿಯ ಧೂಳಿಗೆ ಹೊಚ್ಚೀನಿ ಸುಮ್ಮನಿರು ನೀ. ಅನಿಲನಿಗೆ ಮೆಸೇಜು ಮಾಡಬೇಕು, ರೂಮಿನಲ್ಲಿ ಇಸ್ತ್ರಿ ಬಟ್ಟೆ ರಾಶಿ ಬಿದ್ದಿದೆ ತೆಗಿ, ಅತ್ತಿ ಬರುತ್ತಿದ್ದಾಳೆ, ಜೋಳದ ಹಿಟ್ಟು ತಾ, ಕಿವಿಯ ಡಾಕ್ಟರು ಶನಿವಾರ ಇರುತ್ತಾರೋ ಕೇಳು, ಮಶೀನು ಹಾಕಿದರೆ ಕೇಳಿಸುತ್ತದಂತೆ, ಕಿವಿಯ ಹಿಂದೆ ಕಾಣಿಸುವುದೂ ಇಲ್ಲವಂತೆ, ಅತ್ತಿ ಒಪ್ಪಲಿಕ್ಕಿಲ್ಲ, ಒಪ್ಪಿಸಬೇಕು, ನಾಳೆ ಬೆಳಿಗ್ಗೆ ಡಬ್ಬಿ ಪವಾಯಿಯಿಂದ ಮಾತಾಡಿದರೆ ಪುಟದಲ್ಲಿ ಹೊಸ ಸಂಖ್ಯೆ ಬರುತ್ತದೆ, ಅದನ್ನು ತಿರುಗಿಸಿ ನೋಡುವ ಕೆಲಸವೇ ಇಲ್ಲ, ಗುಂಡಿ ಒತ್ತುವವಳು ಅಡಿಗೆ ಮನೆಯ ಪಕ್ಕದಲ್ಲೇ ಇರುತ್ತಾಳೆ — ರಿಕ್ಷಾ ಕುಲುಕಿತು, ಅವಳು ಡಬ್ಬಿ ಹಿಡಿಯಲು ಕೈ ಚಾಚಿದಳು, ಅಲ್ಲಿ ಆಗಲೇ ಕೈಯಿತ್ತು. ಅತ್ತಿಯ ಅಂಗೈ. ಹಳದಿ ಹೂವಿನ ತುಂಡಿನ ಮೇಲೆ, ಬೆರಳು ಅಗಲಿಸಿ. ಡಬ್ಬಿ ನಡೆಯುತ್ತಿಲ್ಲ ಈಗ, ವೈರಿಲ್ಲ, ಕರೆಂಟಿಲ್ಲ, ಒಳಗೆ ಏನೂ ಇಲ್ಲ ಆಲಿಸಲು, ಅತ್ತಿ ಹೊರಗೆ ಬಸ್ಸು ನೋಡುತ್ತಿದ್ದಾಳೆ, ಕೈ ಮಾತ್ರ ಅಲ್ಲಿದೆ, ಹಗುರವಾಗಿ, ಭಾರ ಬೀಳದ ಹಾಗೆ, ಈ ಹಗುರ ಗೊತ್ತು ಅವಳಿಗೆ, ಎಲ್ಲಿ, ಯಾವಾಗ — ಅಪ್ಪ ಇಳಿಸಿ ಹೋದ ರಾತ್ರಿ, ರೈಲು ಹೋದಾಗಲೆಲ್ಲ ಗೋಡೆ ನಡುಗುತ್ತಿತ್ತು, ಅತ್ತು ಅತ್ತು ಉಸಿರು ತುಂಡು ತುಂಡಾಗಿತ್ತು, ಯಾರೋ ಪಕ್ಕದಲ್ಲಿ ಬಂದು ಮಲಗಿದರು, ಅಳಬ್ಯಾಡ ಅನ್ನಲಿಲ್ಲ, ಹೆಸರು ಕೇಳಲಿಲ್ಲ, ಎದೆಯ ಮೇಲೆ ಬೆರಳು ಅಗಲಿಸಿ ಒಂದು ಕೈ ಇಟ್ಟರು, ಹಗುರವಾಗಿ, ಉಸಿರು ಒಂದು ಹದಕ್ಕೆ ಬರುವ ತನಕ, ಬಂದ ಮೇಲೂ — ಮೆಸೇಜು, ಅನಿಲನಿಗೆ ಮೆಸೇಜು ಮಾಡಬೇಕು, ಜೋಳದ ಹಿಟ್ಟು, ಶನಿವಾರ, ಸಿಗ್ನಲ್ ಹಸಿರಾಯಿತು, ಹಿಂದಿನವನು ಹಾರನ್ನು ಒತ್ತುತ್ತಿದ್ದಾನೆ, ಹಳದಿ ಹೂವು, ಅದರ ಮೇಲೆ ಅಂಗೈ, ಗೆರೆಗಳಲ್ಲಿ ಒಣಗಿದ ಹಿಟ್ಟು, ಅದೇ ಅಂಗೈ.